‘ಮಾರ್ಯಾಳ’ ಎಂಬ ಕ್ರಿಯಾಪದ

ಆ ಶುಕ್ರವಾರ ಮಧ್ಯಾಹ್ನ ನಾನು ಮೇವಿನ ಬ್ಯಾಂಕಿನ ಬಗ್ಗೆ ಒಂದು ಗಂಭೀರ ವರದಿ ಬರೆಯುತ್ತ ಕುಳಿತಿದ್ದೆ. ಮೇವಿನ ಬ್ಯಾಂಕಿನಲ್ಲಿ ಮೇವೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ ಎಂಬುದು ಅದರ ಸಾರ: ಫಲಕ ಇದೆ, ಕಾವಲುಗಾರ ಇದ್ದಾನೆ, ಉದ್ಘಾಟನೆಯ ಕಲ್ಲೂ ಇದೆ. ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಬೀದರಿನ ವರದಿಗಾರನಿಗೆ ಆಗ ಇದ್ದದ್ದು ಮೂರೇ ವಿಷಯ. ಟ್ಯಾಂಕರ್ ಬಂತು, ಟ್ಯಾಂಕರ್ ಬರಲಿಲ್ಲ, ಬಂದ ಟ್ಯಾಂಕರ್ ಯಾರ ಮನೆಯ ಮುಂದೆ ನಿಂತಿತು. ಹೈದರಾಬಾದಿಗೆ ಗುಳೆ ಹೋಗುವ ಲಾರಿಗಳ ಸುದ್ದಿ ಮೊದಲ ತಿಂಗಳು ಮುಖಪುಟದಲ್ಲಿ ಬಂತು, ಎರಡನೆಯ ತಿಂಗಳು ಐದನೇ ಪುಟಕ್ಕೆ ಹೋಯಿತು, ಮೂರನೆಯ ತಿಂಗಳು ‘ಜಾಗ ಉಳಿದರೆ ನೋಡೋಣ’ ಎಂಬ ವರ್ಗಕ್ಕೆ ಸೇರಿತು.

ಅಷ್ಟರಲ್ಲಿ ಬೆಂಗಳೂರಿನ ವೆಬ್ ಡೆಸ್ಕಿನಿಂದ ಕರೆ ಬಂತು. ವೆಬ್ ಡೆಸ್ಕ್ ಎಂದರೆ ನಮ್ಮ ಪತ್ರಿಕೆಯು ಮೊಬೈಲಿನಲ್ಲಿ ದರ್ಶನ ಕೊಡುವ ಹೊಸ ಅವತಾರದ ಗರ್ಭಗುಡಿ. ಅಲ್ಲಿ ನಮ್ಮ ಜಿಲ್ಲೆಯನ್ನು ನೋಡಿಕೊಳ್ಳುತ್ತಿದ್ದ ಉಪಸಂಪಾದಕಿಯನ್ನು ನಾನು ಕಣ್ಣಾರೆ ಕಂಡವನಲ್ಲ. ಧ್ವನಿ ಕೇಳಿ, ನನ್ನ ಮಗಳ ವಯಸ್ಸಿರಬಹುದು ಎಂದುಕೊಂಡಿದ್ದೆ.

“ಸರ್, ಒಂದು ವಿಡಿಯೊ ಕಳಿಸಿದೀನಿ, ನೋಡಿದ್ರಾ? ನಿಮ್ಮ ಔರಾದ್ ಕಡೇದು. ಆಗಲೇ ಎರಡು ಪೋರ್ಟಲಲ್ಲಿ ಬಂದಿದೆ. ಹತ್ತು ನಿಮಿಷದಲ್ಲಿ ಕಾಪಿ ಕೊಡ್ತೀರಾ?”

“ಹತ್ತು ನಿಮಿಷದಾಗ ನಾ ಕನ್ನಡಕ ಹುಡುಕ್ತೇನಿ, ತಂಗಿ.”

“ಕನ್ನಡಕ ಹಾಕ್ಕೊಂಡೇ ಹುಡುಕ್ತಾ ಇರ್ತೀರ ಸರ್. ಪ್ಲೀಸ್.”

ನಿಜವೇ. ಕನ್ನಡಕ ಮೂಗಿನ ಮೇಲೆಯೇ ಇತ್ತು.

ವಿಡಿಯೊ ಇಪ್ಪತ್ತು ಸೆಕೆಂಡಿನದು. ಔರಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಪತ್ರಕರ್ತರೂ ಆಗಿದ್ದ ಮಹನೀಯರೊಬ್ಬರು ತೆಗೆದದ್ದು. ಚಿಂತಾಕಿಯಿಂದಾಚೆಯ ಒಂದು ಸಣ್ಣ ಹಳ್ಳಿ. ಖಾಲಿ ಕುರಿದೊಡ್ಡಿಯ ಮುಂದೆ ಕುಳಿತ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಾಳೆ: “ನಮ್ಮ ಸೊಸಿ ಕೆಲಸ ನೋಡು, ಬಾಬಾ. ಕುರಿ ಮಾರ್ಯಾಳ, ಪೋರಿಗಿ ಮಾರ್ಯಾಳ, ಜೀಪಿನಾಗ ಕುಂದ್ರಿಸಿ ಕಳಸ್ಯಾಳ. ಮನಿ ಖಾಲಿ ಆತು.” ಅದರ ಮೇಲೆ ಕೆಂಪಕ್ಷರದಲ್ಲಿ: ‘ಬರದ ಬೇಗೆ: ಮಗಳನ್ನೇ ಮಾರಿದ ತಾಯಿ!’

ನಾನು ಮೊದಲು ಕೆಂಪಕ್ಷರ ಓದಿದೆ, ಆಮೇಲೆ ಅಜ್ಜಿಯ ಮಾತು ಕೇಳಿದೆ. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಕಣ್ಣು ಓದಿ ಮುಗಿಸಿದ್ದನ್ನೇ ಕಿವಿ ಕೇಳಿತು; ಕಿವಿಗೆ ಬೇರೆ ಕೆಲಸ ಉಳಿದಿರಲಿಲ್ಲ.

ಆದರೂ ನಾನು ಹಳೆಯ ಪದ್ಧತಿಯ ಮನುಷ್ಯ. ಎರಡು ಮೂಲಗಳಿಂದ ಖಚಿತವಾಗದೆ ಒಂದಕ್ಷರ ಬರೆಯುವವನಲ್ಲ. ಠಾಣೆಗೆ ಫೋನ್ ಮಾಡಿದೆ. ಪೇದೆಯೊಬ್ಬರು, “ಹೌದ್ರಿ ಸರ್, ನಾವೂ ನೋಡೀವಿ. ಭಾಳ ಖರಾಬ್ ಕೆಲಸ ರೀ,” ಎಂದರು. ಅವರು ನೋಡಿದ್ದೂ ಇದೇ ವಿಡಿಯೊವೇ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಮೇಲೆ ಆ ಹಳ್ಳಿಯ ಶಾಲೆಯ ಹೆಡ್ಮಾಸ್ತರರನ್ನು ಹಿಡಿದೆ. ಹಿಂದೆ ತಟ್ಟೆಗಳ ಸದ್ದು, ಮಕ್ಕಳ ಗದ್ದಲ.

“ಹುಡುಗಿ ಸಾಲಿಗಿ ಬಂದಾಳೇನ್ರಿ ಸರ್?”

“ಇಲ್ರಿ, ಎರಡು ದಿನ ಆತು. ಊರಾಗೇ ಇಲ್ಲ ಆಕಿ. ಈಗ ಬಿಸಿಯೂಟದ ಗಡಬಡದಾಗ ಇದ್ದೇನಿ, ಜರಾ ಆಮ್ಯಾಲ ಫೋನ್ ಮಾಡ್ರಿ, ಹೇಳ್ತೇನಿ.”

ಎರಡು ಮೂಲಗಳಾದವು. ಎರಡೂ ಸುಳ್ಳಾಡಲಿಲ್ಲ. ‘ಆಮ್ಯಾಲ’ ಎಂಬುದಕ್ಕೆ ನನಗೆ ಕೊಟ್ಟ ಹತ್ತು ನಿಮಿಷದಲ್ಲಿ ಜಾಗವಿರಲಿಲ್ಲ.

ನಾಲ್ಕು ವಾಕ್ಯ ಬರೆದೆ. ಅದರಲ್ಲಿ ಮೂರು ‘ಎನ್ನಲಾಗಿದೆ’. ಈ ‘ಎನ್ನಲಾಗಿದೆ’ಯನ್ನು ತಿಳಿಯದವರಿಗಾಗಿ ಒಂದು ಮಾತು: ಅದು ನಮ್ಮ ವೃತ್ತಿಯ ಕೊಡೆ. ಯಾರು ಅಂದರು, ಯಾವಾಗ ಅಂದರು, ಅಂದದ್ದನ್ನು ನಾವು ನಂಬಿದೆವೋ ಇಲ್ಲವೋ, ಯಾವುದನ್ನೂ ಹೇಳದೆ ಎಲ್ಲವನ್ನೂ ಹೇಳಿಬಿಡುವ ಮಹಾಮಂತ್ರ. ಅದರ ಕೆಳಗೆ ನಿಂತರೆ ಮಳೆಯಲ್ಲಿಯೂ ನೆನೆಯುವುದಿಲ್ಲ ಎಂದು ಹಿರಿಯರು ನನಗೆ ಕಲಿಸಿದ್ದರು. ನಾನೂ ಕಿರಿಯರಿಗೆ ಕಲಿಸಿದ್ದೆ. ಮೊಬೈಲ್ ಅವತಾರದಲ್ಲಿ ಶೀರ್ಷಿಕೆಗೆ ಆರು ಪದಗಳ ಮಿತಿ. ಕೊಡೆಗೆ ಅಲ್ಲಿ ಜಾಗವಿಲ್ಲ. ಹನ್ನೊಂದನೆಯ ನಿಮಿಷಕ್ಕೆ ನಮ್ಮಲ್ಲೂ ಬಂತು: ‘ಔರಾದ್: ಬರದ ಬೇಗೆಗೆ ಮಗಳನ್ನೇ ಮಾರಿದ ತಾಯಿ!’ ಮೂರು ‘ಎನ್ನಲಾಗಿದೆ’ಗಳೂ ಒಳಗೆ, ಯಾರೂ ಓದದ ಕಡೆ ಭದ್ರವಾಗಿದ್ದವು.

ಸಂಜೆಯ ಹೊತ್ತಿಗೆ ಸುದ್ದಿ ಕೆಲಸ ಮಾಡಿತು. ಗುಳೆ ಹೊರಟಿದ್ದ ಲಾರಿಯನ್ನು ರಸ್ತೆಯಲ್ಲಿಯೇ ನಿಲ್ಲಿಸಿ ತಾಯಿಯನ್ನೂ ತಂದೆಯನ್ನೂ ಇಳಿಸಿಕೊಂಡರು. ಹುಡುಗಿ ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಒಂದು ಮನೆಯಲ್ಲಿ ಸಿಕ್ಕಳು. ಅವಳನ್ನು ಬೀದರಿನ ಬಾಲಮಂದಿರಕ್ಕೆ ಕರೆತಂದರು. ಏಳು ಗಂಟೆಗೆ ನಮ್ಮ ವೆಬ್ಬಿನಲ್ಲಿ ಇನ್ನೊಂದು ಸುದ್ದಿ: ‘ಮಾರಾಟವಾಗಿದ್ದ ಬಾಲಕಿ ರಕ್ಷಣೆ, ನಮ್ಮ ವರದಿಯ ಫಲಶ್ರುತಿ.’ ಮುಖ್ಯ ಕಚೇರಿಯಿಂದ ಹೆಬ್ಬೆರಳಿನ ಚಿತ್ರಗಳು ಬಂದವು. ಅನೇಕ ವರ್ಷ ದುಡಿದರೂ ನಾನು ಇಷ್ಟು ಹೆಬ್ಬೆರಳು ಕಂಡಿರಲಿಲ್ಲ.

ಆ ಸಂಭ್ರಮದಲ್ಲಿಯೇ ಪೇದೆಗೆ ಮತ್ತೆ ಫೋನ್ ಮಾಡಿ, ಹುಡುಗಿ ಹೇಗೆ ಸಿಕ್ಕಳು ಎಂದು ಕೇಳಿದೆ.

“ಏನ್ ಹೇಳಲಿ ಸರ್, ಕೊಂಡವರ ಮನ್ಯಾಗ ಆ ಪೋರಿ ಅಭ್ಯಾಸ ಮಾಡ್ಲಿಕ್ಕತ್ತಿತ್ತು ರೀ. ಗಣಿತ. ನಮ್ಮವರು ಹೋದ್ರ, ‘ಈ ಲೆಕ್ಕ ಒಂದು ಮುಗಿಸ್ತೇನಿ’ ಅಂದದ.”

ನಾನು ಫೋನ್ ಇಟ್ಟೆ. ಹೆಣ್ಣುಮಗುವನ್ನು ಕೊಳ್ಳುವವರು ಯಾಕೆ ಕೊಳ್ಳುತ್ತಾರೆ ಎಂಬುದರ ಬಗ್ಗೆ ವರದಿಗಾರನಿಗೆ ಬೇಡವೆಂದರೂ ಬಹಳಷ್ಟು ಗೊತ್ತಿರುತ್ತದೆ. ಗಣಿತ ಹೇಳಿಕೊಡಲು ಕೊಂಡವರನ್ನು ನಾನು ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಔರಾದಿಗೆ ಹೊರಟೆ. ‘ಕೊಂಡವರು ಯಾರು?’ ಎಂಬ ಮುಂದಿನ ಕಂತು ಬೇಕೆಂದು ಡೆಸ್ಕ್ ಕೇಳಿತ್ತು, ಅದು ನೆಪ. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಇಬ್ಬರು ನನ್ನ ಕೃತಿಯನ್ನೇ ವಿಮರ್ಶಿಸುತ್ತಿದ್ದರು.

“ಅಂಥಾಕಿಗಿ ನಡು ಬಾಜಾರದಾಗ ನಿಂದ್ರಸಬೇಕು.”

“ಖರೇ ಏನು ಸುಳ್ಳೇನು, ಯಾರಿಗೊತ್ತು?”

“ಸುಳ್ಳು ಹ್ಯಾಂಗ ಆಗ್ತದ? ಪೇಪರದವರು ಹಾಕ್ಯಾರಲ್ಲ! ಮೊಬೈಲದಾಗಿಂದು ಬ್ಯಾರೆ, ಪೇಪರದವರು ನೋಡಿ ಮಾಡಿ ಹಾಕ್ತಾರ.”

ಕಂಡಕ್ಟರ್ ನನ್ನ ಗುರುತಿನವನು. “ನೀವು ಹೇಳ್ರಿ ಸರ್, ಖರೇನಾ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. “ಅದನ್ನೇ ನೋಡ್ಲಿಕ್ಕೆ ಹೊಂಟೀನಿ,” ಎಂದೆ. “ಹಾಕಿದ ಮ್ಯಾಲ ನೋಡ್ಲಿಕ್ಕೆ ಹೊಂಟೀರಿ?” ಎಂದ ಅವನು, ಟಿಕೆಟ್ ಹರಿದು ಕೊಡುತ್ತ. ದುರುದ್ದೇಶವೇನೂ ಇರಲಿಲ್ಲ, ಲೆಕ್ಕ ತಪ್ಪಿದರೆ ತೋರಿಸುವುದು ಅವನ ವೃತ್ತಿಧರ್ಮ.

ಔರಾದಿನಿಂದ ಟಂಟಂ ರಿಕ್ಷಾ ಹಿಡಿದು ಚಿಂತಾಕಿ ದಾಟಿ ಹಳ್ಳಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಬೋರಿನ ಮುಂದೆ ಬಣ್ಣಬಣ್ಣದ ಕೊಡಗಳು ಸಾಲಾಗಿದ್ದವು, ಅವುಗಳ ಒಡತಿಯರು ಮಾತ್ರ ನೆರಳಿನಲ್ಲಿದ್ದರು. ಮನೆ ಯಾವುದೆಂದು ಕೇಳಿದಾಗ ಒಬ್ಬರೂ ಬಾಯಿಂದ ಹೇಳಲಿಲ್ಲ, ಗದ್ದ ಎತ್ತಿ ದಿಕ್ಕು ತೋರಿಸಿದರು. ಆ ಮನೆಯ ಹೆಸರು ನಾಲಿಗೆಗೆ ಬರಬಾರದೆಂದು ಊರು ಒಂದೇ ದಿನದಲ್ಲಿ ತೀರ್ಮಾನಿಸಿಬಿಟ್ಟಿತ್ತು. ತೀರ್ಮಾನ ಅವರದಲ್ಲ; ನಾನು ಕಳುಹಿಸಿಕೊಟ್ಟದ್ದು.

ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಒಂದು ಕೆಂಚು ನಾಯಿ ನನ್ನ ಮೇಲೆ ನುಗ್ಗಿತು. ಕುರಿ ಕಾಯ್ದ ನಾಯಿ. ಕುರಿಗಳು ಹೋದ ಮೇಲೆ ಕೆಲಸವಿಲ್ಲದೆ ಸಿಟ್ಟಿನಲ್ಲಿತ್ತು. ನಾನು ಕೈಚೀಲವನ್ನು ಗುರಾಣಿಯಾಗಿ ಹಿಡಿದು, ಪತ್ರಿಕಾ ಸ್ವಾತಂತ್ರ್ಯವನ್ನು ಸ್ಮರಿಸುತ್ತ ಹಿಮ್ಮುಖವಾಗಿ ನಡೆಯತೊಡಗಿದೆ. ಒಳಗಿನಿಂದ ವಿಡಿಯೊದ ಅದೇ ಅಜ್ಜಿ ಹೊರಬಂದು, ಎದುರುಮನೆಯ ಕಟ್ಟೆಯಲ್ಲಿ ಕುಳಿತವನಿಗೆ ಕೂಗಿದಳು:

“ಏ, ನೋಡ್ತಿ ಏನು? ಆ ನಾಯಿಗಿ ಮಾರೋ! ಜೋರಿಲೆ ಮಾರೋ!”

ಆ ಸಂಕಟದಲ್ಲಿಯೂ ನನಗೆ ಮೊದಲು ಹೊಳೆದ ಯೋಚನೆ: ಇಂಥ ನಾಯಿಯನ್ನು ಕೊಳ್ಳುವವರು ಯಾರು? ಎರಡನೆಯ ಯೋಚನೆ ಬರುವ ಮೊದಲೇ ಆತ ಮಣ್ಣಿನ ಹೆಂಟೆ ಎತ್ತಿ ಬೀಸಿದ. ನಾಯಿಯ ಬೆನ್ನಿಗೆ ಬಿತ್ತು. ಅದು ಕುಂಯ್ ಎನ್ನುತ್ತ ದೊಡ್ಡಿಯ ಹಿಂದೆ ಓಡಿತು.

ನಾನು ನಿಂತಲ್ಲೇ ನಿಂತೆ.

ಉರ್ದುವಿನಲ್ಲಿ, ಮರಾಠಿಯಲ್ಲಿ ‘ಮಾರ್’ ಎಂದರೆ ಹೊಡೆತ ಎಂದು ಬೀದರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬೆಳಗ್ಗೆ ಹಾಲಿನವನೊಡನೆ ಮರಾಠಿ, ಮಧ್ಯಾಹ್ನ ಚಹದ ಅಂಗಡಿಯಲ್ಲಿ ದಖ್ಖನಿ ಉರ್ದು, ಸಂಜೆ ಮನೆಯಲ್ಲಿ ಕನ್ನಡ ಆಡುವ ನನಗೂ ಗೊತ್ತು. ಮೂರು ಭಾಷೆ ಬಲ್ಲ ಮನುಷ್ಯ ಹತ್ತು ನಿಮಿಷದ ಗಡುವಿನಲ್ಲಿ ಒಂದೇ ಭಾಷೆಯವನಾಗುತ್ತಾನೆ. ಅದೂ ಡೆಸ್ಕಿನ ಭಾಷೆ.

“ಆಯಿ,” ಎಂದೆ. “ಪೋರಿಗಿ ಮಾರ್ಯಾಳ ಅಂದ್ರಲ್ಲ. ನಿಮ್ಮ ಸೊಸಿ ಏನ್ ಮಾಡ್ಯಾಳ್ರಿ?”

“ಮಾರ್ಯಾಳ ಅಂದ್ರ ಮಾರ್ಯಾಳ. ಹಿಂಗ!” ಅಜ್ಜಿ ತನ್ನ ತೊಡೆಗೆ ಫಟ್ ಫಟ್ ಎಂದು ಎರಡು ಸಲ ಹೊಡೆದು ತೋರಿಸಿದಳು. “ಎರಡು. ಬೆನ್ನಿಗಿ.”

“ಮತ್ತ ಕುರಿ ಮಾರ್ಯಾಳ ಅಂದ್ರ?”

“ಕುರಿ ಬಾಜಾರಿಗಿ ವಯ್ದು ಮಾರ್ಯಾಳ. ಮೇವಿಲ್ಲ, ನೀರಿಲ್ಲ, ಮಾರಲಾರ್ದ ಏನ್ ಮಾಡ್ತಾಳ? ಕುರಿಗಿ ಯಾರ ಬಡೀತಾರೇನು?” ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನಿನಗ ಕನ್ನಡ ಬರಂಗಿಲ್ಲೇನು, ಬಾಬಾ? ನಾ ಗಡಿಯಾಚಿಂದ ಲಗ್ನಾಗಿ ಬಂದಾಕಿ, ನನಗ ಬರ್ತದ.”

ಕನ್ನಡದ ಕುರಿ, ಮರಾಠಿಯ ಏಟು, ನಡುವೆ ಒಂದೇ ಕ್ರಿಯಾಪದ. ವ್ಯಾಕರಣ ಬಲ್ಲವರು ಮುಂದೆ ನನಗೆ ವಿವರಿಸಿದರು: ಮಾರಾಟವಾಗಿದ್ದರೆ ‘ಪೋರಿನ್ನ’ ಎಂದು ಎರಡನೆಯ ವಿಭಕ್ತಿ ಬರಬೇಕಿತ್ತು, ‘ಪೋರಿಗಿ’ ಎಂದ ಕೂಡಲೇ ಸಂಶಯ ಬರಬೇಕಿತ್ತು. ಬರಬೇಕಿತ್ತು, ನಿಜ. ಕಿವಿಗೆ ಬೀಳದ ನಾಲ್ಕನೆಯ ವಿಭಕ್ತಿಯೊಂದು ಒಬ್ಬ ಹೆಣ್ಣುಮಗಳನ್ನು ಲಾರಿಯಿಂದ ಇಳಿಸೀತು ಎಂಬುದನ್ನು ಯಾವ ಶಾಲೆಯಲ್ಲಿಯೂ ನನಗೆ ಕಲಿಸಿರಲಿಲ್ಲ.

“ಯಾಕ ಮಾರ್ಯಾಳ, ಆಯಿ?”

“ಪರೀಕ್ಷಾ ಅದ, ಭಾತಂಬ್ರಾಕ್ಕ ಮೌಶಿ ಮನಿಗಿ, ಅವ್ವನ ತಂಗಿ ಮನಿಗಿ ಹೋಗು ಅಂದ್ರ, ‘ನಾ ನಿಮ್ಮ ಕೂಡೇ ಹೈದ್ರಾಬಾದಿಗಿ ಬರ್ತೇನಿ’ ಅಂತ ಜೀಪ್ ಹತ್ತಲಿಲ್ಲ. ಅದಕ್ಕ ಮಾರ್ಯಾಳ. ನನ್ನ ಪೋರಿಗಿ ಕೈ ಹಚ್ಚಬಾರದಿತ್ತು ಆಕಿ, ಅದಕ್ಕ ನಾ ಅತ್ತೀನಿ. ಆ ಮೊಬೈಲದಾವ ಯಾಕ ಅಳ್ತಿ ಅಂತ ಕೇಳಿದ, ಹೇಳೀನಿ.” ಆಮೇಲೆ, ಬಹಳ ಸಹಜವಾಗಿ: “ನಿನ್ನಿ ಸಂಜಿಲಿಂದ ಫೋನಿಲ್ಲ. ಹೈದ್ರಾಬಾದ್ ಮುಟ್ಟ್ಯಾರೇನು ಅವರು? ನಿನಗ ಗೊತ್ತದ?”

ಅವಳಿಗೆ ಏನೂ ಗೊತ್ತಿರಲಿಲ್ಲ. ಊರು ಬಾಯಿ ಮುಚ್ಚಿಕೊಂಡದ್ದರಿಂದ ಅವಳ ತನಕ ಏನೂ ಬಂದಿರಲಿಲ್ಲ. ಹೇಳುವ ಕೆಲಸ ನನಗೆ ಬಂತು. ನಾನು ಹೇಳಿದೆ, ಕುಳಿತುಕೊಂಡು, ಒಂದೂ ‘ಎನ್ನಲಾಗಿದೆ’ ಇಲ್ಲದೆ. ಅಜ್ಜಿ ಅಳಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದಳು: “ನೀ ಬರದಿ?” “ಹೌದು,” ಎಂದೆ. “ಮತ್ತ ಅಳಸು,” ಎಂದಳು.

ಶನಿವಾರದ ಅರ್ಧದಿನದ ಶಾಲೆ ಬಿಟ್ಟಿತ್ತು. ಹೆಡ್ಮಾಸ್ತರರು ನಾನು ಬಂದ ಸುದ್ದಿ ಕೇಳಿ ನೇರ ಬಂದರು.

“ಆಮ್ಯಾಲ ಫೋನ್ ಮಾಡ್ರಿ ಅಂದಿದ್ದೆ, ನೀವು ಮಾಡಲೇ ಇಲ್ಲಲ್ರಿ. ನಾ ಸಂಜಿ ತನಕ ಕಾಯ್ದೆ.”

“ಕಾಯ್ದು ನೀವೇ ಯಾಕ ಮಾಡಲಿಲ್ರಿ, ಸರ್?”

“ಮಾಡಬೇಕಂದೆ. ಅಷ್ಟರಾಗ ನೀವು ಹಾಕೇ ಬಿಟ್ಟಿದ್ರಲ್ಲ. ಹಾಕಿದ ಮ್ಯಾಲ ನಮ್ಮ ಮಾತು ಯಾರು ಕೇಳ್ತಾರ್ರಿ?”

ಅವರು ಹೇಳಿದ್ದು ಇಷ್ಟು. ಸರ್ಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಮರುದಿನ ಭಾನುವಾರ ಹತ್ತಕ್ಕೆ, ಭಾಲ್ಕಿಯಲ್ಲಿ. ಇಡೀ ಶಾಲೆಯಿಂದ ಅರ್ಜಿ ಹಾಕಿದವಳು ಇವಳೊಬ್ಬಳೇ. ಪಾಸಾದರೆ ಆರರಿಂದ ಹತ್ತನೆಯ ತರಗತಿಯವರೆಗೆ ಅಲ್ಲಿಯೇ ಊಟ, ಅಲ್ಲಿಯೇ ಪಾಠ. ಆಗದಿದ್ದರೆ ಅಪ್ಪ ಅವ್ವ ಹತ್ತಿದ ಲಾರಿಯನ್ನೇ ಅವಳೂ ಹತ್ತಬೇಕು. ಲಾರಿ ಹತ್ತಿದ ಮಕ್ಕಳು ಮಳೆಗಾಲಕ್ಕೆ ಮರಳುತ್ತಾರೆ, ಶಾಲೆಗೆ ಮರಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅಂಥ ಹೆಸರುಗಳನ್ನು ಅವರು ಬೆರಳಿಟ್ಟು ತೋರಿಸಬಲ್ಲವರಾಗಿದ್ದರು. ಪರೀಕ್ಷೆ ವರ್ಷಕ್ಕೊಂದೇ ಸಲ. ಹುಡುಗಿ ಬಾಲಮಂದಿರದಲ್ಲಿದ್ದಾಳೆ. ಬಿಡುವ ಅಧಿಕಾರವಿದ್ದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗುವುದು ಸೋಮವಾರ.

ಶಾಲೆಯ ಗೆರೆಹಾಳೆಯಲ್ಲಿ ಅಜ್ಜಿಯ ಹೇಳಿಕೆ ಬರೆದುಕೊಂಡೆ. ‘ಮಾರ್ಯಾಳ’ ಎಂಬ ಪದ ಬಂದಲ್ಲೆಲ್ಲ ಯಾವ ಅರ್ಥ ಎಂದು ಬದಿಯಲ್ಲಿ ಬರೆದೆ. ಓದಿ ಹೇಳಿದೆ, ಅಜ್ಜಿ ಹೆಬ್ಬೆಟ್ಟು ಒತ್ತಿದಳು, ಹೆಡ್ಮಾಸ್ತರರು ಸಹಿ ಹಾಕಿ ಶಾಲೆಯ ಮೊಹರು ಒತ್ತಿದರು. ನಿನ್ನೆ ಹತ್ತು ನಿಮಿಷದಲ್ಲಿ ಮಾಡಿದ ಕೆಲಸವನ್ನು ಇವತ್ತು ಒಂದು ತಾಸು ಮಾಡಿದೆವು.

ಮೂರು ಗಂಟೆಗೆ ಬೀದರಿನಲ್ಲಿ, ಮಕ್ಕಳ ವಿಷಯ ನೋಡುವ ಅಧಿಕಾರಿಯ ಕಚೇರಿಯಲ್ಲಿದ್ದೆ. ನಡುವಯಸ್ಸಿನ ಹೆಣ್ಣುಮಗಳು, ಭಾಲ್ಕಿಯವರು. ಮೂಲೆಯ ಬೆಂಚಿನಲ್ಲಿ ಹುಡುಗಿಯ ತಾಯಿ ಕುಳಿತಿದ್ದಳು. ಪಕ್ಕದಲ್ಲಿ ಗಂಡ, ನೆಲ ನೋಡುತ್ತ. ನಾನು ಯಾರೆಂದು ತಿಳಿದ ಕೂಡಲೇ ತಾಯಿ ಎದ್ದು ನಿಂತಳು.

“ಇವರೇನ್ರಿ ಬರದವರು? ಎಷ್ಟಕ್ಕ ಮಾರೀನಿ ಅಂತ ಯಾಕ ಬರೀಲಿಲ್ರಿ, ಸಾಹೇಬ್ರ? ಅದೂ ಬರದಿದ್ರ ಚಲೋ ಆಗ್ತಿತ್ತು. ಲಾರಿಯಾಗಿನ ಮಂದಿ ಎಲ್ಲಾ ಅದೇ ಕೇಳ್ಯಾರ ನನಗ.”

“ತಪ್ಪಾಗ್ಯಾದವ್ವಾ. ನಂದೇ ತಪ್ಪು.”

“ತಪ್ಪು ನಿಮ್ಮದು, ಒಳಗ ಕುಂತಾಕಿ ನನ್ನ ಮಗಳು. ಇದು ಯಾವ ನ್ಯಾಯ?”

ಹಾಳೆಯನ್ನು ಅಧಿಕಾರಿಯ ಮುಂದಿಟ್ಟೆ. ಅವರು ಓದಿ, ಸಣ್ಣಗೆ ನಕ್ಕರು; ನಗೆ ಬೇಗ ಆರಿತು.

“ನಮ್ಮ ಅವ್ವನೂ ಹಿಂಗೇ ಮಾತಾಡ್ತಾಳ್ರಿ. ವಿಡಿಯೋ ಕೇಳಿದಾಗೇ ನನಗ ಸಂಶಯ ಬಂದದ. ಆದ್ರ ನನ್ನ ಸಂಶಯ ಫೈಲಿನಾಗ ಹಾಕ್ಲಿಕ್ಕ ಬರಂಗಿಲ್ಲ.” ಫೈಲು ತೆರೆದು ನನ್ನತ್ತ ತಿರುಗಿಸಿದರು. ಮೊದಲ ಹಾಳೆಯೇ ನಮ್ಮ ವೆಬ್ ಸುದ್ದಿಯ ಪ್ರತಿ. “ಬುನಾದಿ ಇದು. ಇದರ ಮ್ಯಾಲ ಎಲ್ಲಾ ಕಟ್ಟ್ಯಾರ. ಮ್ಯಾಲಿಂದ ಎಲ್ಲಾರೂ ಇದನ್ನೇ ಓದಿ ನನಗ ಫೋನ್ ಮಾಡ್ಯಾರ. ಅಜ್ಜಿ ಹೆಬ್ಬೆಟ್ಟು ತಂದೀರಿ, ಚಲೋ. ಆದ್ರ ಹಾಕಿದವರೇ ‘ನಮ್ಮದು ತಪ್ಪು’ ಅಂತ ಹಾಕಿದ್ರ, ಇವತ್ತೇ ಸಮಿತಿಯವರಿಗಿ ಕೇಳಿ ನಾಳಿನ ಪರೀಕ್ಷಾಕ್ಕ ಕಳಸ್ತೇನಿ. ಇಲ್ಲಂದ್ರ ಸೋಮವಾರ. ಆರು ಗಂಟೆ ಒಳಗ ಬೇಕ್ರಿ.”

ನನ್ನ ತಪ್ಪು ಠಾಣೆಯ ಮೂಲವಾಗಿತ್ತು, ಠಾಣೆ ನನ್ನ ಮೂಲವಾಗಿತ್ತು. ಹಾವು ತನ್ನ ಬಾಲವನ್ನೇ ನುಂಗಿ, 'ಎರಡು ಮೂಲಗಳಿಂದ ಖಚಿತವಾಗಿದೆ' ಎಂದಿತ್ತು.

ಹೊರಗೆ ಬೇವಿನ ಮರದ ಕೆಳಗೆ ನಿಂತು ಡೆಸ್ಕಿಗೆ ಫೋನ್ ಮಾಡಿದೆ. ಉಪಸಂಪಾದಕಿ ಎಲ್ಲವನ್ನೂ ಕೇಳಿದಳು. ಅವಳದು ಚಾಮರಾಜನಗರದ ಕಡೆ. ‘ಮಾರ್’ಗೆ ಇನ್ನೊಂದು ಅರ್ಥವಿದೆ ಎಂದು ಅವಳು ಅನುಮಾನಿಸಲು ಕಾರಣವೇ ಇರಲಿಲ್ಲ. ನನಗಿತ್ತು.

“ಅಯ್ಯೋ ಸರ್... ಡಿಲೀಟ್ ಮಾಡಿಬಿಡ್ತೀನಿ. ಎರಡು ನಿಮಿಷ. ಯಾರಿಗೂ ಗೊತ್ತಾಗಲ್ಲ.”

“ಯಾರಿಗಿ ಗೊತ್ತಾಗಬಾರದಿತ್ತೋ ಅವರಿಗೆಲ್ಲಾ ಗೊತ್ತಾಗ್ಯಾದ, ತಂಗಿ. ನಾವು ಅಳಿಸಿದ್ರ, ನಮ್ಮನ್ನ ನೋಡಿ ಹಾಕಿದವರದು ಹಂಗೇ ಉಳೀತದ. ‘ಪೇಪರದವರಿಗಿ ಬಾಯಿ ಮುಚ್ಚಿಸ್ಯಾರ’ ಅಂತಾರ ಮಂದಿ. ಅದೇ ಜಾಗದಾಗ, ಅದೇ ಅಳತಿ ಅಕ್ಷರದಾಗ ಬರಬೇಕು.”

ಅವಳ ಮೇಲಿನ ಮುಖ್ಯಸ್ಥರು ಫೋನಿಗೆ ಬಂದರು. ಸಭ್ಯ ಮನುಷ್ಯ. ಕೆಳಗೆ ಒಂದು ಸಾಲಿನ ವಿಷಾದ ಹಾಕಬಹುದು ಎಂದರು. ‘ಮಾರಾಟ ನಡೆದಿಲ್ಲ ಎನ್ನಲಾಗಿದೆ’ ಎಂದು ತಿದ್ದಬಹುದು ಎಂದರು. ನನ್ನ ಕೊಡೆಯನ್ನು ನನಗೇ ಹಿಡಿಯಲು ಬಂದಿದ್ದರು.

“‘ಎನ್ನಲಾಗಿದೆ’ ಬ್ಯಾಡ್ರಿ, ಸರ್. ಇದನ್ನ ನಾ ಕಣ್ಣಿಲೆ ನೋಡಿ ಬಂದೀನಿ.”

“ಆದರೆ ಸಂಸ್ಥೆಯ ವಿಶ್ವಾಸಾರ್ಹತೆ... ತಪ್ಪು ಯಾರದು ಅಂತ ಹೇಳೋದು?”

ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಬೆಂಚಿನಲ್ಲಿ ಕೂತವಳ ಹೆಸರು, ಊರು, ಮನೆಯ ಬಾಗಿಲು ಎಲ್ಲ ಎರಡು ಪೋರ್ಟಲುಗಳಲ್ಲಿ ಬಂದಿದ್ದವು. ಬರೆದವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ‘ನಮ್ಮ ಪ್ರತಿನಿಧಿಯಿಂದ’ ಎಂದಿತ್ತು. ಅದೂ ಒಂದು ಕೊಡೆಯೇ.

“ನಂದು ಅಂತ ಹೇಳ್ರಿ. ನನ್ನ ಹೆಸರು ಹಾಕ್ರಿ. ಇಷ್ಟು ವರ್ಷ ಒಂದು ಬೈಲೈನ್ ಕೇಳ್ಲಿಕ್ಕತ್ತಿದ್ದೆ, ಕೊಟ್ಟಿರಲಿಲ್ಲ ನೀವು. ಇದಕ್ಕ ಕೊಡ್ರಿ.”

ಅವರು ಉಪಸಂಪಾದಕಿಯೊಡನೆ ಏನೋ ಮಾತಾಡಿದರು. ಆಮೇಲೆ, “ಕಳಿಸಿ,” ಎಂದರು.

ಮರದ ಕಟ್ಟೆಯ ಮೇಲೆ ಕುಳಿತು ಬರೆದೆ. ಆರು ಪದಗಳ ಶೀರ್ಷಿಕೆ: ‘ತಾಯಿ ಮಾರಿದ್ದು ಕುರಿ, ಮಗಳನ್ನಲ್ಲ: ನಮ್ಮ ತಿದ್ದುಪಡಿ.’ ಕೆಳಗೆ ಏಳು ವಾಕ್ಯ. ಅಜ್ಜಿಯ ಮಾತು, ಅದರ ಎರಡು ಅರ್ಥ, ನಾನು ಹಳ್ಳಿಗೆ ಹೋಗದೆ ಬರೆದದ್ದು, ಹೆಡ್ಮಾಸ್ತರರಿಗೆ ಮತ್ತೆ ಫೋನ್ ಮಾಡದೆ ಇದ್ದದ್ದು, ಕೊನೆಗೆ ಆ ತಾಯಿಗೆ ಕ್ಷಮೆಯಾಚನೆ. ತಾಯಿಯ ಹೆಸರಾಗಲಿ ಹುಡುಗಿಯ ಹೆಸರಾಗಲಿ ಇಲ್ಲ, ನನ್ನದು ಮಾತ್ರ. ಉಪಸಂಪಾದಕಿ ಓದಿ ಫೋನ್ ಮಾಡಿದಳು.

“ಸರ್, ‘ಎರಡು ಏಟು ಕೊಟ್ಟಿದ್ದರು’ ಅಂತ ಇದೆ. ಮಕ್ಕಳಿಗೆ ಹೊಡೆಯೋದೂ ಕೇಸ್ ಆಗುತ್ತಲ್ವಾ?”

ಮೊದಲ ಬಾರಿಗೆ ಡೆಸ್ಕ್ ನನ್ನನ್ನು ಒಂದು ಅವಸರದಿಂದ ತಡೆದಿತ್ತು. ಒಳಗೆ ಹೋಗಿ ಅಧಿಕಾರಿಯನ್ನು ಕೇಳಿದೆ. “ಹೊಡಿಯೋದು ತಪ್ಪೇ ರೀ. ಮುಂಜಾನಿಂದ ಮೂರು ಸಲ ಬೈದೀನಿ ಈಕಿಗಿ,” ಎಂದರು. ತಾಯಿ ಬೆಂಚಿನಿಂದಲೇ, “ಬರೀರಿ, ಬರೀರಿ. ಹೊಡದೀನಿ, ಇಲ್ಲನ್ನಂಗಿಲ್ಲ. ಮಾಡಿದ್ದು ಬರದ್ರ ನನಗೇನು ನಾಚಿಕಿಲ್ಲ,” ಎಂದಳು. ಏಟು ಉಳಿಯಿತು.

ಐದೂ ನಲವತ್ತಕ್ಕೆ ಬಂತು. ಅದೇ ಕೊಂಡಿಯಲ್ಲಿ, ಅದೇ ಅಳತೆಯಲ್ಲಿ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿ ತಂದು ಕೊಟ್ಟೆ. ಅಧಿಕಾರಿ ಅದನ್ನು ಫೈಲಿನ ಮೊದಲ ಹಾಳೆಯ ಮೇಲಿಟ್ಟು ದಾರ ಕಟ್ಟಿದರು, ಸಮಿತಿಗೆ ಫೋನ್ ಮಾಡಿದರು, ಓದಿ ಹೇಳಿದರು. ಆ ಕಡೆಯವರು ‘ಮಾರ್ಯಾಳ’ದ ಭಾಗವನ್ನು ಎರಡು ಸಲ ಓದಿಸಿಕೊಂಡರು. ಸೋಮವಾರದ ಹಾಜರಿ ಬೇಡವೆಂದು, ಪರೀಕ್ಷೆಗೂ ಆಮೇಲೆ ಮೌಶಿಯ ಮನೆಗೂ ಕಳಿಸಲು ಅಪ್ಪಣೆ ಸಿಕ್ಕಿತು.

ನಮ್ಮ ಸುಳ್ಳು ಓಡಿದಷ್ಟು ವೇಗವಾಗಿ ನಮ್ಮ ನಿಜ ಓಡಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಆ ಉಪಸಂಪಾದಕಿ, ಯಾರೂ ಹೇಳದೆ, ನಮ್ಮನ್ನು ನಕಲು ಮಾಡಿದ ಒಂದೊಂದು ಪೋರ್ಟಲಿಗೂ ತಾನೇ ಫೋನ್ ಮಾಡಿದಳು. ಔರಾದಿನ ಮೊಬೈಲ್ ಅಂಗಡಿಯ ಮಹನೀಯರು ವಿಡಿಯೊ ಅಳಿಸಿ, ಅಜ್ಜಿಯ ಅಂಗಳಕ್ಕೆ ಹೋಗಿ ಕೈಮುಗಿದು ಬಂದರಂತೆ. ನಾಯಿ ಅವರನ್ನೂ ಮಾತಾಡಿಸಿತಂತೆ.

ಭಾನುವಾರ ಒಂಬತ್ತೂವರೆಗೆ ಭಾಲ್ಕಿಯ ಪರೀಕ್ಷಾ ಕೇಂದ್ರದ ಗೇಟಿನಲ್ಲಿದ್ದೆವು. ಮೌಶಿ ಪ್ರವೇಶಪತ್ರ ತಂದಿದ್ದಳು. ಬಾಲಮಂದಿರದ ಆಯಾಳೊಡನೆ ಹುಡುಗಿ ಇಳಿದಳು. ಸಣಕಲು, ಎರಡು ಜಡೆ, ನೋಡಿದವರನ್ನು ತಿರುಗಿ ನೋಡುವ ಕಣ್ಣು. ಅವಳು ಅವ್ವನನ್ನು ನೋಡಿದಳು, ಅವ್ವ ಅವಳನ್ನು ನೋಡಿದಳು. ತಾಯಿ ಸೆರಗಿನ ತುದಿಗೆ ಉಗುಳು ಹಚ್ಚಿ ಮಗಳ ಕೆನ್ನೆ ಒರೆಸಿದಳು.

“ಅವ್ವಾ, ಬಿಡು, ಎಲ್ಲಾರೂ ನೋಡ್ತಾರ.”

“ನೋಡ್ಲಿ. ಹೋಗು. ಗಡಬಡ ಮಾಡಬ್ಯಾಡ.”

ಹುಡುಗಿ ಒಳಗೆ ಹೋದ ಮೇಲೆ ಡೆಸ್ಕಿನಿಂದ ಸಂದೇಶ: ‘ಸರ್, ಹುಡುಗಿ ಪರೀಕ್ಷೆ ಬರೀತಾ ಇರೋ ಫೋಟೊ ಸಿಗುತ್ತಾ? ಪಾಸಿಟಿವ್ ಸ್ಟೋರಿ.’ ತಾಯಿಯನ್ನು ಕೇಳಿದೆ.

“ಬ್ಯಾಡ್ರಿ. ಕೆಟ್ಟದ್ದು ಬರದ್ರಿ, ಅಳಿಸಿದ್ರಿ, ಸಾಕು. ಚಲೋದೂ ಬರೀಬ್ಯಾಡ್ರಿ.” ಆಮೇಲೆ ಏನೋ ನೆನಪಾಗಿ, ಪ್ರವೇಶಪತ್ರದ ಜೆರಾಕ್ಸ್ ತೆಗೆದು ನನ್ನ ಮುಂದೆ ಹಿಡಿದಳು. “ಬರೀಲೇಬೇಕಂದ್ರ ಈ ನಂಬರ್ ಬರಕೋರಿ. ನಾವು ಇವತ್ತು ಸಂಜಿಕೇ ಹೈದ್ರಾಬಾದಿಗಿ ಹೊಂಟೀವಿ. ಪಾಸ್ ಆದ್ರ ನೀವೇ ಹೇಳಬೇಕು ನನಗ. ಯಾರೋ ಫೋನಿನಾಗ ಕಳಿಸಿದ್ದು ಬ್ಯಾಡ, ನೀವು ಕಣ್ಣಿಲೆ ನೋಡಿ ಹೇಳ್ರಿ.”

ಡೆಸ್ಕಿಗೆ ‘ಫೋಟೊ ಇಲ್ಲ’ ಎಂದು ಕಳಿಸಿ, ಆ ನಂಬರನ್ನೂ ಅವಳ ಫೋನ್ ನಂಬರನ್ನೂ ಬರೆದುಕೊಂಡೆ. ಬರೆದದ್ದನ್ನು ಅವಳು ಜೆರಾಕ್ಸಿನೊಡನೆ ತಾಳೆ ನೋಡಿದ ಮೇಲೆಯೇ ನನ್ನ ಪುಸ್ತಕ ಬಿಟ್ಟಳು.

ಪಟ್ಟಿ ಬರಲು ಐದು ವಾರ ಹಿಡಿಯಿತು. ಬೀದರಿನ ಕಚೇರಿಯೊಂದರ ಹೊರಗೋಡೆಗೆ ಅಂಟಿಸಿದ್ದರು. ಹಾಳೆಯ ಒಂದು ಮೂಲೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಬೆರಳಿಟ್ಟು ಮೇಲಿನಿಂದ ಇಳಿದೆ. ಸಿಕ್ಕಿತು. ಇನ್ನೊಮ್ಮೆ ಕೆಳಗಿನಿಂದ ಏರಿದೆ. ಅಲ್ಲಿಯೇ ಇತ್ತು. ಫೋನ್ ಮಾಡಿದೆ. ಆ ಕಡೆ ಕಾಂಕ್ರೀಟ್ ಕಲಸುವ ಯಂತ್ರದ ಗಡಗಡ.

“ಪಾಸಾಗ್ಯಾಳವ್ವಾ!” ಎಂದು ಕೂಗಿದೆ.

ಯಂತ್ರದಿಂದ ದೂರ ಬಂದಳೆಂದು ಕಾಣುತ್ತದೆ, ಸದ್ದು ಕಡಿಮೆಯಾಯಿತು. “ಯಾರು ಹೇಳಿದ್ರು ನಿಮಗ?”

“ಯಾರೂ ಹೇಳಿಲ್ಲ. ಪಟ್ಟಿ ಮುಂದೇ ನಿಂತೀನಿ.”

“ನಂಬರ್ ನೋಡೀರಿ? ಬರೇ ಹೆಸರು ನೋಡಬ್ಯಾಡ್ರಿ, ಆ ಹೆಸರಿನಾಕಿ ಇನ್ನೊಬ್ಬಾಕಿ ಇರ್ತಾಳ.”

“ನೋಡೀನಿ. ಎರಡು ಸಲ ನೋಡೀನಿ.”

“ಮೂರನೇ ಸಲ ನೋಡ್ರಿ, ಸಾಹೇಬ್ರ. ನಾ ಫೋನ್ ಇಡಂಗಿಲ್ಲ.”

ನಾನು ಕನ್ನಡಕ ಒರೆಸಿಕೊಂಡು, ಹಾರುತ್ತಿದ್ದ ಮೂಲೆಯನ್ನು ಎಡಗೈಯಿಂದ ಗೋಡೆಗೆ ಒತ್ತಿ ಹಿಡಿದು, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದತೊಡಗಿದೆ. ಪ್ರತಿ ಅಂಕಿಗೂ ಆ ಕಡೆಯಿಂದ ಅವಳು, “ಹ್ಞೂಂ... ಮುಂದ?” ಎನ್ನುತ್ತಿದ್ದಳು.